‘ಕಂಜೆಕ್ಚರ್’ ಅಂದರೆ ಬರೀ ಊಹೆನಾ? ಈ ಪದ ಎಲ್ಲಿಂದ ಬಂತು?

ಅಕ್ಕಲಕೋಟೆ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ಸ್ಪರ್ಧಾ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷಿನ ಒಂದು ಪದ ಕಾಡುತ್ತಿದೆ: ಕಂಜೆಕ್ಚರ್. ನಿಘಂಟು ತೆಗೆದರೆ ‘ಊಹೆ’ ಅಂತ ಇದೆ. ಸರಿ. ಆದರೆ ಗೆಸ್ ಅಂದರೂ ಊಹೆ, ಸರ್ಮೈಸ್ ಅಂದರೂ ಊಹೆ, ಸ್ಪೆಕ್ಯುಲೇಶನ್ ನೋಡಿದರೆ ‘ಊಹಾಪೋಹ’. ಮರಾಠಿ ನಿಘಂಟಿನಲ್ಲಿ ‘ಅಂದಾಜ’, ‘ತರ್ಕ’ ಅಂತ ಕೊಟ್ಟಿದ್ದಾರೆ. ಎಲ್ಲಾ ಒಂದೇ ಆದರೆ ಇಂಗ್ಲಿಷಿನವರು ಇಷ್ಟೊಂದು ಪದ ಯಾಕೆ ಇಟ್ಟುಕೊಂಡಿದ್ದಾರೆ?

ಅಭ್ಯಾಸ ಪತ್ರಿಕೆಯಲ್ಲಿ ಬಂದ ಪ್ರಶ್ನೆ ಹೀಗಿದೆ: ‘ದಿ ಕಾಸ್ ಆಫ್ ದಿ ಫೈರ್ ಈಸ್ ಸ್ಟಿಲ್ ಎ ಮ್ಯಾಟರ್ ಆಫ್...’ ಮುಂದೆ ಖಾಲಿ ಜಾಗ. ಆಯ್ಕೆಗಳು ಗೆಸ್, ಕಂಜೆಕ್ಚರ್, ಎಸ್ಟಿಮೇಟ್, ಹಂಚ್. ಉತ್ತರ ಕಂಜೆಕ್ಚರ್ ಅಂತೆ. ಯಾಕೆ ಅಂತ ಯಾರಾದರೂ ಬಿಡಿಸಿ ಹೇಳ್ತೀರಾ? ಪದದ ಮೂಲ ಗೊತ್ತಿದ್ದರೆ ಅದನ್ನೂ ಹೇಳಿ. ಮೂಲ ಗೊತ್ತಾದರೆ ನನಗೆ ಪದ ಮರೆಯೋದಿಲ್ಲ.

ತಾಳವಾಡಿ ತಮ್ಮ:
ಅಕ್ಕ, ‘ಮ್ಯಾಟರ್ ಆಫ್ ಕಂಜೆಕ್ಚರ್’ ಅನ್ನೋದು ಅಲ್ಲಿ ಜೋಡಿಯಾಗಿಯೇ ಬರುತ್ತದೆ. ಹಾಗೇ ನೆನಪಿಟ್ಟುಕೊಂಡರೆ ಪರೀಕ್ಷೆಗೆ ಸಾಕು.

ಜತ್ತದ ಮಾಸ್ತರ:
ತಮ್ಮ ಹೇಳಿದ್ದು ಪರೀಕ್ಷೆಗೆ ಸಾಕು, ನಿಜ. ಆದರೆ ತಂಗಿ ಕೇಳಿದ್ದು ‘ಯಾಕೆ’ ಅಂತ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಕಂಜೆಕ್ಚರ್ ಹುಟ್ಟಿದ್ದು ಲ್ಯಾಟಿನ್‌ನಲ್ಲಿ. ಅಲ್ಲಿ ‘ಯಾಕೆರೆ’ ಅಂದರೆ ಎಸೆಯುವುದು, ನಮ್ಮ ಕಡೆ ಹೇಳುವ ಹಾಗೆ ಒಗೆಯುವುದು. ಅದರ ಹಿಂದೆ ‘ಒಟ್ಟಿಗೆ’ ಅನ್ನುವ ಅರ್ಥದ ‘ಕಾನ್’ ಸೇರಿತು. ಅಂದರೆ ಬೇರೆ ಬೇರೆ ಕಡೆಯ ಸಂಗತಿಗಳನ್ನು ಒಂದೇ ಕಡೆ ಎಸೆದು, ಒಟ್ಟಿಗೆ ಇಟ್ಟು ನೋಡುವುದು. ಅದರಿಂದ ‘ಕಂಜೆಕ್ಟೂರಾ’ ಅನ್ನುವ ಪದ ಆಯಿತು. ಇಂಗ್ಲಿಷಿಗೆ ಬಂದದ್ದು 14ನೇ ಶತಮಾನದ ಕೊನೆಯ ಹೊತ್ತಿಗೆ. ಆಗ ಅದಕ್ಕೆ ಶಕುನ ನೋಡಿ ಅರ್ಥ ಹೇಳುವುದು, ಕನಸು ಬಿಡಿಸುವುದು ಅನ್ನುವ ಅರ್ಥವೂ ಇತ್ತು. ಆಮೇಲೆ ಶಕುನ ಬಿಟ್ಟುಹೋಯಿತು. ಸಿಕ್ಕಷ್ಟು ಸುಳಿವು ಕೂಡಿಸಿ ಕಟ್ಟಿದ, ಇನ್ನೂ ಖಾತ್ರಿಯಾಗದ ಅಭಿಪ್ರಾಯ ಅನ್ನುವ ಅರ್ಥ ಗಟ್ಟಿಯಾಗಿ ನಿಂತಿತು.

ಈ ‘ಎಸೆ’ ಅನ್ನುವ ಧಾತುವಿನ ಬಳಗ ದೊಡ್ಡದು. ಇಂಜೆಕ್ಷನ್ ಅಂದರೆ ಒಳಗೆ ಎಸೆದದ್ದು. ರಿಜೆಕ್ಟ್ ಅಂದರೆ ಹಿಂದಕ್ಕೆ ಎಸೆಯುವುದು. ಪ್ರಾಜೆಕ್ಟ್ ಅಂದರೆ ಮುಂದಕ್ಕೆ ಎಸೆದದ್ದು. ಆಬ್ಜೆಕ್ಷನ್ ಅಂದರೆ ಎದುರಿಗೆ ಎಸೆದದ್ದು. ಜೆಟ್ ವಿಮಾನದ ಜೆಟ್ ಕೂಡ ಇದೇ ಮನೆಯದು. ತಂಗಿ, ‘ಜೆಕ್ಟ್’ ಕಂಡಲ್ಲೆಲ್ಲಾ ಒಂದು ಕೈ ಏನನ್ನೋ ಎಸೆಯುತ್ತಿದೆ ಅಂತ ನೆನಪಿಟ್ಟುಕೊಳ್ಳಿ.

ಇನ್ನು ಉಳಿದವು. ಗೆಸ್ ಹಳೆಯ ಪದ, 1300ರ ಸುಮಾರಿಗೆ ಇಂಗ್ಲಿಷಿನಲ್ಲಿ ಸಿಗುತ್ತದೆ. ಉತ್ತರ ಯೂರೋಪಿನ ಭಾಷೆಗಳ ಕಡೆಯಿಂದ ಬಂದದ್ದು, ‘ಗೆಟ್’ ಅನ್ನುವುದರ ನೆಂಟ. ಕೈಯಲ್ಲಿ ಒಂದೂ ಸುಳಿವಿಲ್ಲದೆ ಹೇಳಿದರೂ ಅದು ಗೆಸ್ಸೇ. ಎಸ್ಟಿಮೇಟ್ ಅಂದರೆ ಅದರಲ್ಲಿ ಲೆಕ್ಕ ಇರಬೇಕು, ಕೊನೆಗೆ ಒಂದು ಸಂಖ್ಯೆ ಬರಬೇಕು. ಹಂಚ್ ಅಂದರೆ ಮನಸ್ಸಿಗೆ ಸುಮ್ನೆ ಹಾಗನ್ನಿಸುವುದು, ಕಾರಣ ಕೇಳಿದರೆ ಹೇಳಲಾಗುವುದಿಲ್ಲ. ಸ್ಪೆಕ್ಯುಲೇಶನ್‌ನ ಹಿಂದೆ ಲ್ಯಾಟಿನ್‌ನ ಕಾವಲು ಗೋಪುರ ಇದೆ, ‘ಸ್ಪೆಕುಲಾ’. ಎತ್ತರದಲ್ಲಿ ನಿಂತು ದೂರಕ್ಕೆ ಕಣ್ಣು ಹಾಯಿಸುವುದು. ಅದಕ್ಕೇ ಮುಂದೆ ಆಗುವುದರ ಬಗ್ಗೆ, ಶೇರು ಬಜಾರಿನ ಬಗ್ಗೆ ಅದನ್ನು ಬಳಸುತ್ತಾರೆ.

ಈಗ ಬೆಂಕಿಯ ವಾಕ್ಯ ನೋಡಿ. ಬೆಂಕಿ ಬಿದ್ದಾಗಿದೆ. ಸುಟ್ಟ ವೈರು ಸಿಕ್ಕಿರಬಹುದು, ಯಾರೋ ಹೊಗೆ ಕಂಡಿರಬಹುದು. ಸುಳಿವುಗಳಿವೆ, ಪುರಾವೆ ಇಲ್ಲ. ಜನ ಅವುಗಳನ್ನು ಕೂಡಿಸಿ ಒಂದೊಂದು ಕಾರಣ ಹೇಳುತ್ತಿದ್ದಾರೆ. ಆ ಸ್ಥಿತಿಗೆ ಒಪ್ಪುವ ಪದ ಕಂಜೆಕ್ಚರ್.

ಅಕ್ಕಲಕೋಟೆ ಕನ್ನಡತಿ:
ಮಾಸ್ತರೇ, ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ‘ಸುಳಿವು ಇದೆ, ಪುರಾವೆ ಇಲ್ಲ’ ಅನ್ನೋದನ್ನು ಬರೆದಿಟ್ಟುಕೊಂಡೆ.

ಉಮದಿ ಗೆಳೆಯ:
ಮಾಸ್ತರೇ, ನನಗೆ ಒಂದು ತಕರಾರಿದೆ. ನಾನು ವಕೀಲರ ಹತ್ತಿರ ಕೆಲಸ ಮಾಡುತ್ತೇನೆ. ನಮ್ಮ ಕಾಗದಗಳಲ್ಲಿ ‘ಸರ್ಮೈಸಸ್ ಅಂಡ್ ಕಂಜೆಕ್ಚರ್ಸ್’ ಅಂತ ಜೋಡಿ ಬಂದರೆ ಅದು ಬೈಗುಳ ಇದ್ದ ಹಾಗೆ. ಕೆಳಗಿನ ಕೋರ್ಟು ಬರೀ ಕಂಜೆಕ್ಚರ್ ಮೇಲೆ ಶಿಕ್ಷೆ ಕೊಟ್ಟಿದೆ ಅಂತ ಅಪೀಲಿನಲ್ಲಿ ಬರೆಯುತ್ತೇವೆ. ಅನುಮಾನ ಎಷ್ಟೇ ಬಲವಾಗಿದ್ದರೂ ಅದು ಪುರಾವೆಯ ಜಾಗದಲ್ಲಿ ನಿಲ್ಲಲಾರದು ಅಂತ ಸುಪ್ರೀಂ ಕೋರ್ಟು ಎಷ್ಟೋ ತೀರ್ಪುಗಳಲ್ಲಿ ಹೇಳಿದೆ. ಅಲ್ಲಿ ಕಂಜೆಕ್ಚರ್‌ಗೆ ಮರ್ಯಾದೆ ಇಲ್ಲ. ನೀವು ಅದನ್ನು ತುಂಬ ಎತ್ತರಕ್ಕೆ ಏರಿಸಿದಿರಿ.

ಇನ್ನೊಂದು. ಪದದ ಮೂಲವೇ ಪದದ ಅರ್ಥ ಅನ್ನುವಂತಿಲ್ಲ. ‘ನೈಸ್’ ಅನ್ನುವ ಪದ ಲ್ಯಾಟಿನ್‌ನಲ್ಲಿ ‘ಏನೂ ತಿಳಿಯದವನು’ ಅನ್ನುವ ಅರ್ಥದ ಪದದಿಂದ ಬಂದದ್ದು. ಇವತ್ತು ಯಾರಿಗಾದರೂ ನೈಸ್ ಅಂದರೆ ದಡ್ಡ ಅಂದ ಹಾಗಾಯಿತಾ?

ಜತ್ತದ ಮಾಸ್ತರ:
ಎರಡೂ ಒಳ್ಳೆಯ ಮಾತು. ನೈಸ್ ವಿಷಯ ಪೂರ್ತಿ ಒಪ್ಪುತ್ತೇನೆ. ಸರ್ಮೈಸ್ ಕೂಡ ಹಾಗೇ. ಅದು ಫ್ರೆಂಚ್‌ನಲ್ಲಿ ‘ಮೇಲೆ ಹೊರಿಸು’ ಅನ್ನುವುದರಿಂದ ಬಂತು. ಮೊದಲು ಅದರ ಅರ್ಥ ಕಾಯಿದೆಯ ಭಾಷೆಯಲ್ಲಿ ಆರೋಪ. ಈಗ ಸಣ್ಣ ಗುರುತು ನೋಡಿ ಮನಸ್ಸಿನಲ್ಲೇ ಅಂದುಕೊಳ್ಳುವುದು ಅನ್ನುವಷ್ಟಕ್ಕೆ ಇಳಿದಿದೆ. ಆದರೆ ಕಂಜೆಕ್ಚರ್ ವಿಷಯದಲ್ಲಿ ಮೂಲ ಮತ್ತು ಇವತ್ತಿನ ಬಳಕೆ ಎರಡೂ ಇನ್ನೂ ಕೈ ಹಿಡಿದುಕೊಂಡೇ ಇವೆ. ಅದಕ್ಕೇ ಮೂಲ ಹೇಳಿದೆ.

ಕೋರ್ಟಿನ ಮಾತಿಗೆ ಬಂದರೆ, ಅಲ್ಲಿ ಒಬ್ಬ ಮನುಷ್ಯನ ಜೀವನ ತೂಗುತ್ತಿರುತ್ತದೆ. ಸುಳಿವಿನ ಮೇಲೆ ತೀರ್ಪು ಕೊಡಬಾರದು. ಕಂಜೆಕ್ಚರ್ ಮಾಡುವುದು ತಪ್ಪಲ್ಲ, ಅದನ್ನೇ ಪುರಾವೆ ಅನ್ನುವುದು ತಪ್ಪು.

ಮಾಲದಂಡಿ:
ನಾನು ಮಂಗಳವೇಢೆ ಕಡೆಯ ರೈತ. ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಈ ಮಾತು ಓದಿ ನಮ್ಮ ಆಣೇವಾರಿ ನೆನಪಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಗಡಿಯಾಚೆಯವರಿಗೆ ಗೊತ್ತಿಲ್ಲದೆ ಇರಬಹುದು. ಮಹಾರಾಷ್ಟ್ರದಲ್ಲಿ ಪ್ರತಿ ಹಂಗಾಮಿಗೆ ಊರೂರಿನ ಬೆಳೆ ಎಷ್ಟು ಬಂದೀತು ಅಂತ ಪೈಸೆಯಲ್ಲಿ ಹೇಳುತ್ತಾರೆ. ಮೊದಲು ಹದಿನಾರು ಆಣೆ ಲೆಕ್ಕ ಇತ್ತು, ಈಗ ನೂರು ಪೈಸೆ. ಅದಕ್ಕೆ ಪೈಸೇವಾರಿ ಅಂತ ಹೆಸರು. 50 ಪೈಸೆಗಿಂತ ಕಮ್ಮಿ ಬಂದರೆ ಆ ಊರನ್ನು ಬರದಂಥ ಸ್ಥಿತಿಯ ಊರು ಅಂತ ಲೆಕ್ಕಕ್ಕೆ ಹಿಡಿಯುತ್ತಾರೆ. ಆಗ ಶೇತಸಾರಾದಲ್ಲಿ, ಅಂದರೆ ಭೂಕಂದಾಯದಲ್ಲಿ, ರಿಯಾಯಿತಿ, ಮಕ್ಕಳ ಪರೀಕ್ಷೆ ಫೀ ಮಾಫಿ ಇಂಥವು ಸಿಗುತ್ತವೆ. ಹಾಗಾಗಿ ಆ ಸಂಖ್ಯೆ ನಮಗೆ ಸಣ್ಣದಲ್ಲ.

ಈ ಪೈಸೇವಾರಿ ಒಮ್ಮೆಲೇ ಆಗುವುದಿಲ್ಲ. ಮೊದಲು ಬರುವುದಕ್ಕೆ ‘ನಜರ ಅಂದಾಜ’ ಪೈಸೇವಾರಿ ಅಂತಲೇ ಸರಕಾರಿ ಹೆಸರು. ಬೆಳೆ ಇನ್ನೂ ಹೊಲದಲ್ಲಿ ನಿಂತಿರುವಾಗ ಕಣ್ಣಿಂದ ನೋಡಿ ಹೇಳುವುದು. ಆಮೇಲೆ ಸುಧಾರಿತ, ಕೊನೆಗೆ ಅಂತಿಮ. ಅಂತಿಮಕ್ಕೆ ಹೊಲದಲ್ಲಿ ಅಳೆದು ಗುರುತು ಹಾಕಿದ ಒಂದು ತುಂಡಿನ ಬೆಳೆ ಕೊಯ್ದು, ಒಕ್ಕಿ, ತೂಗಿ ನೋಡುತ್ತಾರೆ.

ನಜರ ಅಂದಾಜ ಬಲ್ಲವರು ಹೇಗೆ ಮಾಡುತ್ತಾರೆ ಗೊತ್ತಾ? ಬದುವಿನ ಮೇಲೆ ನಿಂತು ನೋಡಿದರೆ ಆಗುವುದಿಲ್ಲ. ಬದುವಿನ ಹತ್ತಿರದ ಸಾಲು ಯಾವಾಗಲೂ ಬೇರೆ ಥರ ಇರುತ್ತದೆ. ಹೊಲದ ನಡುವೆ ಹೋಗಬೇಕು. ಒಂದು ಜೋಳದ ತೆನೆ ಮುರಿದು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳು ನೋಡಬೇಕು. ಕಾಳು ಮುತ್ತಿನ ಹಾಗೆ ತುಂಬಿದೆಯಾ, ಜೊಳ್ಳಾ? ಹಲ್ಲಿಗೆ ಹಾಕಿದರೆ ಹಾಲು ಬರುತ್ತದಾ, ಕಟ್ ಅನ್ನುತ್ತದಾ? ದಂಟು ಹೆಬ್ಬೆರಳಷ್ಟು ದಪ್ಪ ಇದೆಯಾ? ಎರೆ ಭೂಮಿ ಎಷ್ಟು ಆಳ ಬಿರುಕು ಬಿಟ್ಟಿದೆ? ಹಿಂಗಾರಿ ಜೋಳ ಮಳೆ ನಂಬಿ ಬೆಳೆಯುವುದಲ್ಲ, ಎರೆ ಮಣ್ಣು ಹಿಡಿದಿಟ್ಟ ತೇವ ಕುಡಿದು ಬೆಳೆಯುತ್ತದೆ. ಬಿರುಕು ಬೇಗ ಬಂದರೆ ತೆನೆ ತುಂಬುವ ಹೊತ್ತಿಗೆ ತೇವ ಇಲ್ಲ ಅಂತ ಅರ್ಥ. ಇದಿಷ್ಟನ್ನೂ ಕೂಡಿಸಿ ಹಿರಿಯರು ‘ಎಂಟಾಣೆ ಬೆಳೆ’ ಅಂದುಬಿಡುತ್ತಿದ್ದರು.

ಮಾಸ್ತರ, ಇದು ಕಂಜೆಕ್ಚರ್ ಹೌದಲ್ಲ? ಜೀಪಿನಲ್ಲಿ ಕೂತು ರಸ್ತೆಯಿಂದ ನೋಡಿ ಹೇಳಿದರೆ ಅದು ಬರೀ ಗೆಸ್.

ಜತ್ತದ ಮಾಸ್ತರ:
ಹೌದು ಅಣ್ಣಾರ. ನಜರ ಅಂದಾಜ ಕಂಜೆಕ್ಚರ್, ಕೊಯ್ದು ತೂಗಿದ್ದು ಎಸ್ಟಿಮೇಟ್. ತುಂಡು ಹೊಲ ತೂಗಿ ಇಡೀ ಊರಿನ ಬೆಳೆ ಹೇಳುತ್ತಾರಲ್ಲ, ಅಲ್ಲಿ ಲೆಕ್ಕ ಬಂತು. ನಾಳೆ ತರಗತಿಯಲ್ಲಿ ನಿಮ್ಮ ತೆನೆಯನ್ನೇ ಉದಾಹರಣೆ ಕೊಡುತ್ತೇನೆ.

ಸೊಲ್ಲಾಪುರ ಸೀಮೆ:
ಮಾಲದಂಡಿಯವರು ‘ಅಂದಾಜ’ ಅಂದಾಗ ಒಂದು ಹೊಳೆಯಿತು. ಮರಾಠಿ ಕ್ರಿಕೆಟ್ ಕಾಮೆಂಟ್ರಿ ಕೇಳಿದವರಿಗೆ ಗೊತ್ತು, ಬೌಲರ್‌ಗೆ ‘ಗೋಲಂದಾಜ’ ಅನ್ನುತ್ತಾರೆ. ಮೊದಲು ಗೋಲಂದಾಜ ಅಂದರೆ ಫಿರಂಗಿಯಿಂದ ಗುಂಡು ಹಾರಿಸುವವನು. ಬಿಲ್ಲುಗಾರನಿಗೆ ‘ತೀರಂದಾಜ’. ಈ ಎರಡರಲ್ಲೂ ಇರುವ ‘ಅಂದಾಜ್’ ಪಾರಸಿಯ ‘ಅಂದಾಖ್ತನ್’ ಅನ್ನುವ ಕ್ರಿಯಾಪದದ್ದು. ಅರ್ಥ? ಎಸೆಯುವುದು! ಗೋಲ ಎಸೆಯುವವನು ಗೋಲಂದಾಜ, ತೀರ ಅಂದರೆ ಬಾಣ ಎಸೆಯುವವನು ತೀರಂದಾಜ. ಹಿಂದಿಯಲ್ಲಿ ‘ನಜರ್ ಅಂದಾಜ್ ಮಾಡಿದ’ ಅಂದರೆ ನೋಡಿಯೂ ನೋಡದ ಹಾಗೆ ಇದ್ದ, ಕಣ್ಣಿಂದಾಚೆ ಎಸೆದ ಅಂತ. ನಮ್ಮ ಪೈಸೇವಾರಿಯ ನಜರ ಅಂದಾಜ ಅದಕ್ಕೆ ಪೂರಾ ಉಲ್ಟಾ, ಕಣ್ಣಿಟ್ಟು ಅಳೆಯುವುದು. ನಾವು ಕನ್ನಡದವರು ದಿನಾ ಹೇಳುವ ‘ಅಂದಾಜು’ ಕೂಡ ಆ ಬಳಗದ್ದೇ. ಪಾರಸಿಯ ‘ಅಂದಾಜಾ’ ಅಂದರೆ ಅಳತೆ.

ಮಾಸ್ತರು ಹೇಳಿದ ಲ್ಯಾಟಿನ್ ಪದದಲ್ಲೂ ಎಸೆತ, ನಮ್ಮ ಅಂದಾಜಿನಲ್ಲೂ ಎಸೆತ. ಇದು ನೋಡಿ ಮೈ ಜುಮ್ಮೆಂದಿತು.

ಅಕ್ಕಲಕೋಟೆ ಕನ್ನಡತಿ:
ಹಾಗಾದರೆ ಎರಡೂ ಪದ ಒಂದೇ ಮೂಲದಿಂದ ಬಂದವಾ?

ಸೊಲ್ಲಾಪುರ ಸೀಮೆ:
ಇಲ್ಲ, ಧಾತುಗಳು ಬೇರೆ ಬೇರೆ. ಯೋಚನೆ ಮಾತ್ರ ಒಂದೇ ಕಡೆ ಬಂದು ಸೇರಿದೆ. ಗುರಿ ನೋಡಿ ಎಸೆಯುವವನು ದೂರ ಎಷ್ಟು, ಗಾಳಿ ಎತ್ತ ಅಂತ ಮೊದಲು ಮನಸ್ಸಿನಲ್ಲೇ ಅಳೆಯಬೇಕಲ್ವಾ? ಗ್ರೀಕರದ್ದೂ ಹೀಗೇ. ಅವರ ‘ಸ್ಟೊಖೋಸ್’ ಅಂದರೆ ಗುರಿ. ಅದರಿಂದ ಬಂದ ‘ಸ್ಟೊಖಾಸ್ಟಿಕೋಸ್’ ಅಂದರೆ ಊಹಿಸುವುದರಲ್ಲಿ ಪಳಗಿದವನು. ಇವತ್ತು ಸಂಖ್ಯಾಶಾಸ್ತ್ರದವರು ಬಳಸುವ ಸ್ಟೊಕಾಸ್ಟಿಕ್ ಅದೇ. ಇಂಗ್ಲಿಷಿನ ‘ಏಮ್’ ಕೂಡ ಎಸ್ಟಿಮೇಟ್‌ನ ನೆಂಟ. ಮೊದಲು ಅದಕ್ಕೆ ಅಂದಾಜು ಮಾಡು ಅನ್ನುವ ಅರ್ಥವೇ ಇತ್ತು, ಗುರಿಯಿಡು ಅನ್ನುವುದು ಆಮೇಲೆ.

ತಾಳವಾಡಿ ತಮ್ಮ:
ನಮ್ಮ ಕಡೆ ತಮಿಳಿನಲ್ಲಿ ‘ಕುತ್ತುಮದಿಪ್ಪು’ ಅಂತಾರೆ. ಸಂತೆಯಲ್ಲಿ ತೂಗದೆ, ಎಣಿಸದೆ, ಗುಡ್ಡೆ ನೋಡಿ ಬೆಲೆ ಹೇಳುವುದು. ಊಹೆಗೆ ‘ಊಗಂ’. ನಾವು ಮನೆಯಲ್ಲಿ ಕನ್ನಡ ಮಾತಾಡುವಾಗಲೂ ಕುತ್ತುಮದಿಪ್ಪು ಬಾಯಿಗೆ ಬಂದುಬಿಡುತ್ತದೆ.

ಮಂಜೇಶ್ವರದ ಓದುಗ:
ಈ ಚರ್ಚೆ ಈಗ ಕಂಡೆ ಮಾರಾಯ್ರೆ. ಉಮದಿಯವರು ಕೋರ್ಟಿನಲ್ಲಿ ಕಂಜೆಕ್ಚರ್‌ಗೆ ಮರ್ಯಾದೆ ಇಲ್ಲ ಅಂದರು. ಗಣಿತದಲ್ಲಿ ಅದಕ್ಕೆ ಇರುವ ಮರ್ಯಾದೆ ಹೇಳಿ ಮುಗಿಯದು. 1742ರಲ್ಲಿ ಗೋಲ್ಡ್‌ಬಾಖ್ ಅನ್ನುವವರು ಆಯ್ಲರ್ ಅನ್ನುವ ದೊಡ್ಡ ಗಣಿತಜ್ಞರಿಗೆ ಒಂದು ಪತ್ರ ಬರೆದರು. ಅದರಿಂದ ಬಂದ ಮಾತು ಇಷ್ಟೇ: 2ಕ್ಕಿಂತ ದೊಡ್ಡ ಯಾವ ಸಮಸಂಖ್ಯೆ ತೆಗೆದುಕೊಂಡರೂ ಅದು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ. 28 ತಗೊಳ್ಳಿ, 5 ಮತ್ತು 23. ಕಂಪ್ಯೂಟರಿನಲ್ಲಿ 4ರ ಮುಂದೆ 18 ಸೊನ್ನೆ ಇಡುವಷ್ಟು ದೂರ ನೋಡಿದ್ದಾರೆ, ಎಲ್ಲೂ ತಪ್ಪಿಲ್ಲ. ಆದರೂ ಸಾಧಿಸಿ ತೋರಿಸಿದವರಿಲ್ಲ, ಹಾಗಾಗಿ ಅದು ಇನ್ನೂ ಕಂಜೆಕ್ಚರ್.

ಇಷ್ಟು ಹುಷಾರು ಯಾಕೆ ಅಂದರೆ, ಆಯ್ಲರ್ 1769ರಲ್ಲಿ ಹೇಳಿದ ಇನ್ನೊಂದು ಕಂಜೆಕ್ಚರ್ ಬಿದ್ದುಹೋಯಿತು. ಐದನೇ ಘಾತದ ಸಂಖ್ಯೆ ಬೇಕಾದರೆ ಕಮ್ಮಿ ಅಂದರೂ ಐದು ಐದನೇ ಘಾತಗಳನ್ನು ಕೂಡಿಸಬೇಕು ಅಂತ ಅದರ ಸಾರ. 1966ರಲ್ಲಿ ಲ್ಯಾಂಡರ್ ಮತ್ತು ಪಾರ್ಕಿನ್ ಕಂಪ್ಯೂಟರ್ ಹಿಡಿದು ಹುಡುಕಿದರು. 27, 84, 110, 133 ಈ ನಾಲ್ಕರ ಐದನೇ ಘಾತ ಕೂಡಿಸಿದರೆ 144ರ ಐದನೇ ಘಾತ ಸರಿಯಾಗಿ ಬರುತ್ತದೆ. ಎರಡೂ ಕಡೆ 61917364224. ಸುಮಾರು 200 ವರ್ಷ ನಿಂತ ಮಾತು ಒಂದೇ ಉದಾಹರಣೆಗೆ ಮುಗಿಯಿತು.

ಅಂದ ಹಾಗೆ, ಸೊಲ್ಲಾಪುರದವರು ಹೇಳಿದ ಗ್ರೀಕ್ ಪದಕ್ಕೂ ಕಂಜೆಕ್ಚರ್‌ಗೂ ನೇರ ಭೇಟಿಯಾಗಿದೆ. ಯಾಕೋಬ್ ಬರ್ನೂಲಿ ಸಂಭವನೀಯತೆಯ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದ ‘ಆರ್ಸ್ ಕಂಜೆಕ್ಟಾಂಡಿ’, ಅಂದರೆ ಊಹಿಸುವ ಕಲೆ, ಅವರು ತೀರಿಕೊಂಡ ಎಂಟು ವರ್ಷದ ಮೇಲೆ 1713ರಲ್ಲಿ ಅಚ್ಚಾಯಿತು. ಆ ಕಲೆಗೆ ಅವರು ಅದರಲ್ಲೇ ಇನ್ನೊಂದು ಹೆಸರು ಕೊಟ್ಟಿದ್ದಾರೆ, ಅದು ಸ್ಟೊಕಾಸ್ಟಿಕ್‌ನ ಮೂಲದ್ದೇ.

ಉಮದಿ ಗೆಳೆಯ:
ಗಣಿತದ್ದು ಒಪ್ಪಿದೆ. ಅಲ್ಲಿ ಯಾರಿಗೂ ಜೈಲು ಇಲ್ಲ, ಕಾಯಬಹುದು. ಆದರೆ ನನ್ನ ಕಾಗದಗಳಲ್ಲಿ ಅದು ಬೈಗುಳವಾಗಿಯೇ ಇರುತ್ತದೆ. ಪದ ಒಂದೇ ಇದ್ದರೂ ಬೆಲೆ ಜಾಗದ ಮೇಲೆ.

ಅಕ್ಕಲಕೋಟೆ ಕನ್ನಡತಿ:
ಓದುಗರೇ, ಕನ್ನಡದ್ದೇ ಒಂದು ಉದಾಹರಣೆ ಇದ್ದರೆ ಹೇಳಿ. ಪ್ರಬಂಧದಲ್ಲಿ ಬರೆದುಕೊಳ್ಳುತ್ತೇನೆ.

ಮಂಜೇಶ್ವರದ ಓದುಗ:
ಇದೆ, ನನಗೆ ಬಹಳ ಪ್ರಿಯವಾದದ್ದು. ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಹಳೇ ಊರಿನ ಕಸದ ದಿಬ್ಬಗಳಲ್ಲಿ ಪಪೈರಸ್ ಹಾಳೆಗಳು ಸಿಕ್ಕವು. ಅವುಗಳಲ್ಲಿ ಒಂದು ಗ್ರೀಕ್ ಪ್ರಹಸನ. ಹಾಳೆ ಸುಮಾರು 2ನೇ ಶತಮಾನದ್ದು, ಅಚ್ಚಾದದ್ದು 1903ರಲ್ಲಿ. ಖಾರಿಟಿಯಾನ್ ಅನ್ನುವ ಗ್ರೀಕ್ ಹೆಣ್ಣುಮಗಳು ಭಾರತದ ಕರಾವಳಿಯ ಒಬ್ಬ ರಾಜನ ಕೈಗೆ ಸಿಕ್ಕಿಬಿದ್ದಿದ್ದಾಳೆ. ಅಣ್ಣನ ಕಡೆಯವರು ಹಡಗಿನಲ್ಲಿ ಬಂದು, ರಾಜನಿಗೂ ಅವನ ಜನಕ್ಕೂ ದ್ರಾಕ್ಷಾರಸ ಕುಡಿಸಿ ಮತ್ತೇರಿಸಿ ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಅದರಲ್ಲಿ ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಗ್ರೀಕ್ ಅಕ್ಷರದಲ್ಲಿ ಬೇರೆ ಯಾವುದೋ ಭಾಷೆ.

1904ರಲ್ಲಿ ಶಾಸನ ಪಂಡಿತ ಹುಲ್ಟ್ಸ್ ಅದು ಕನ್ನಡ ಇರಬೇಕು ಅಂದರು. ಒಂದು ಸಾಲು ನೋಡಿ. ಹಾಳೆಯಲ್ಲಿ ಇರುವುದು ಹೆಚ್ಚುಕಮ್ಮಿ ಹೀಗೆ: ‘ಬೇರೇ ಕೊಂಜೆಯ್ ದಮುನ್ ಪೆತ್ರೆಕಿಯೋ’. ಅದನ್ನು ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಅಂತ ಓದಿದ್ದಾರೆ. ನಿಧಾನವಾಗಿ ಬಾಯಲ್ಲಿ ಹೇಳಿ ನೋಡಿ. ಕರಾವಳಿಯ ರಾಜ, ಕುಡಿತದ ಸನ್ನಿವೇಶ, ‘ಬೇರೆ’ಯ ಹಾಗೆ ಕೇಳುವ ಪದ, ‘ಕೊಂಚ’ದ ಹಾಗೆ ಕೇಳುವ ಪದ, ‘ಪಾತ್ರಕ್ಕೆ’ಗೆ ಹತ್ತಿರ ಬರುವ ಪದ. ಬಿಡಿ ಬಿಡಿಯಾಗಿ ಯಾವುದಕ್ಕೂ ಬಲ ಇಲ್ಲ. ಒಟ್ಟಿಗೆ ಇಟ್ಟಾಗ ಒಂದಕ್ಕೊಂದು ಆಸರೆ ಕೊಡುತ್ತವೆ.

ಆದರೆ ‘ದಮುನ್’ ಇರುವುದನ್ನು ‘ಮಧು’ ಮಾಡಬೇಕಾದರೆ ಅಕ್ಷರಗಳನ್ನು ಅದಲು ಬದಲು ಮಾಡಬೇಕು. ಅಲ್ಲೇ ವಿದ್ವಾಂಸರ ಜಗಳ. ಅಷ್ಟು ಹಳೆಯ ಕನ್ನಡ ಹೀಗಿರುತ್ತಿತ್ತಾ ಅಂತ ಕೆಲವರ ಪ್ರಶ್ನೆ. ತುಳು ಅನ್ನುವವರೂ ಇದ್ದಾರೆ. ಬರೀ ನಗಿಸುವುದಕ್ಕೆ ಬರೆದ ಅರ್ಥವಿಲ್ಲದ ಶಬ್ದ ಅನ್ನುವವರೂ ಇದ್ದಾರೆ. ಇವತ್ತಿಗೂ ತೀರ್ಮಾನ ಆಗಿಲ್ಲ. ಹಲ್ಮಿಡಿ ಶಾಸನಕ್ಕಿಂತ ಎಷ್ಟೋ ಮೊದಲೇ ನಮ್ಮ ಮಾತು ಈಜಿಪ್ಟಿನ ಹಾಳೆಯ ಮೇಲೆ ಕೂತಿತ್ತು ಅಂತ ನಂಬಲು ನನಗೆ ತುಂಬ ಆಸೆ. ಆಸೆಯಿದೆ ಅಂತ ಅದನ್ನು ಸತ್ಯ ಅಂತ ಬರೆಯಲಾರೆ. ತಂಗಿ, ಪ್ರಬಂಧದಲ್ಲಿ ಬರೆಯುವುದಾದರೆ ‘ಕನ್ನಡ ಇರಬಹುದು ಎಂಬುದು ಒಂದು ಕಂಜೆಕ್ಚರ್’ ಅಂತಲೇ ಬರೆಯಿರಿ.

ಮಾಲದಂಡಿ:
ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ! ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕನ್ನಡ ಅಂತಲೇ ಅನ್ನುತ್ತಿದ್ದಾರೆ.

ತಾಳವಾಡಿ ತಮ್ಮ:
ಓದುಗರೇ, ತುಳು ಅನ್ನುವವರು ಯಾವ ಪದ ಹಿಡಿದು ಹೇಳುತ್ತಾರೆ? ನೀವು ಮಂಜೇಶ್ವರದವರು, ನಿಮಗೆ ಎರಡೂ ಭಾಷೆ ಬರುತ್ತವಲ್ಲ. ಓದಿದಾಗ ನಿಮ್ಮ ಕಿವಿಗೆ ಯಾವುದು ಕೇಳಿಸಿತು?

ಮಂಜೇಶ್ವರದ ಓದುಗ:
ನನ್ನ ಕಿವಿಗೆ ‘ಕೊಂಚ’ ಮತ್ತು ‘ಪಾತ್ರಕ್ಕೆ’ ಕನ್ನಡವಾಗಿಯೇ ಕೇಳುತ್ತವೆ. ಆದರೆ ನಾನು ಕೇಳುತ್ತಿರುವುದು ಇವತ್ತಿನ ಕನ್ನಡ, ಹಾಳೆಗೆ ಸುಮಾರು 1800 ವರ್ಷ. ತುಳುವಿನ ವಾದಕ್ಕೆ ಬೇರೆ ಸಾಲುಗಳನ್ನು ಹಿಡಿದು ನೋಡಬೇಕು. ಅದಕ್ಕೆ ಹೊಸ ಚರ್ಚೆ ತೆರೆಯೋಣ, ಇಲ್ಲಿ ತಂಗಿಯ ಇಂಗ್ಲಿಷ್ ಪದ ಕಳೆದುಹೋಗುತ್ತದೆ.

ಜತ್ತದ ಮಾಸ್ತರ:
ತೆರೆಯಿರಿ, ನಾನೂ ಬರುತ್ತೇನೆ. ತಂಗಿ, ನಿಮಗೆ ಇನ್ನೆರಡು ಮಾತು. ಕಂಜೆಕ್ಚರ್ ನಾಮಪದವೂ ಹೌದು, ಕ್ರಿಯಾಪದವೂ ಹೌದು, ರೂಪ ಬದಲಾಗುವುದಿಲ್ಲ. ಹೇಳುವಾಗ ಒತ್ತು ‘ಜೆಕ್’ ಮೇಲೆ ಇರಲಿ. ‘ಕಂಜಂಕ್ಚರ್’ ಅಂತ ಇನ್ನೊಂದು ಪದ ಇದೆ, ಅದು ಹಲವು ಸಂಗತಿ ಒಟ್ಟಿಗೆ ಕೂಡಿಬಂದ ಹೊತ್ತು. ಪರೀಕ್ಷೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಕೇಳುವುದುಂಟು.

ಅಕ್ಕಲಕೋಟೆ ಕನ್ನಡತಿ:
ಬರೆದುಕೊಂಡೆ ಮಾಸ್ತರೇ. ಓದುಗರೇ, ಹೊಸ ಚರ್ಚೆ ತೆರೆದರೆ ಇಲ್ಲಿ ಕೊಂಡಿ ಹಾಕಿ.